ನಾದಿನಿಯ ಹೆಸರಿನ ಕಾಯಿಲೆ

ಸಣ್ಣಿಗೆ ಯಾವ ಕಾಯಿಲೆಯೂ ಇರಲಿಲ್ಲ. ಪಾರ್ಸೆಲ್ ಕಂಪನಿಗೆ ಸೇರಿದ ಮೇಲೆ ಅವಳು ಮೈ ಸರಿಯಿಲ್ಲವೆಂದು ರಜೆ ಹಾಕಿದ್ದು ಒಂದೇ ಸಲ, ಅದೂ ಹಲ್ಲು ಕೀಳಿಸಿಕೊಳ್ಳಲು. ಆದರೂ ಕಂಪನಿಯ ನರ್ಸು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿ, "ಇಷ್ಟು ದೊಡ್ಡ ಕಾಯಿಲೆ ಇಟ್ಕೊಂಡು ರಾತ್ರಿ ಪಾಳಿ ಮೇಲ್ವಿಚಾರಕಿ ಕೆಲಸ ಹೇಗೆ ಕೇಳಿದ್ರಿ?" ಎಂದಳು.

ಸಣ್ಣಿ ಪರದೆ ನೋಡಿದಳು. ಅವಳದೇ ಹೆಸರು, ಅವಳದೇ ವಿಮೆ ನಂಬರು. ಕೆಳಗೆ ಅಡಿಸನ್ ಕಾಯಿಲೆ ಎಂದಿತ್ತು.

"ಮೂತ್ರಪಿಂಡದ ಮೇಲಿರೋ ಗ್ರಂಥಿ ಕೆಲಸ ನಿಲ್ಲಿಸಿದೆ. ಮೈಗೆ ಬೇಕಾದ ಹಾರ್ಮೋನು ತಯಾರಾಗ್ತಿಲ್ಲ. ದಿನಕ್ಕೆ ಮೂರು ಹೊತ್ತು ಮಾತ್ರೆ, ಜೀವನಪೂರ್ತಿ," ನರ್ಸು ಓದಿ ಹೇಳಿದಳು. "ರಾತ್ರಿ ಪಾಳೀಲಿ ಕುಸಿದು ಬಿದ್ರೆ ನಮ್ಮ ತಲೆ ಮೇಲೆ ಬರುತ್ತೆ. ಅನರ್ಹ ಅಂತಾನೇ ಬರೀಬೇಕು."

"ನನ್ನ ನೋಡಿದ್ರೆ ಕಾಯಿಲೆಯವಳ ಥರ ಕಾಣ್ತೀನಾ?"

"ನಾನು ನೋಡೋದು ಇದನ್ನ," ಎಂದು ನರ್ಸು ಪರದೆ ತಟ್ಟಿದಳು. "ತಪ್ಪಾಗಿ ದಾಖಲಾಗಿದೆ ಅನ್ಸಿದ್ರೆ ಮುಂದಿನ ತಿಂಗಳು ನಮ್ಮ ಡಾಕ್ಟರ್ ಬರ್ತಾರೆ. ರಕ್ತ ಕೊಡಿ. ಎಲ್ಲಾ ಸರಿಯಿದ್ರೆ ಕೆಲಸ ನಿಮಗೇ. ಅಲ್ಲೀವರೆಗೆ ಖಾಲಿ ಇಟ್ಟಿರ್ತಾರೆ."

ಕೊಟ್ಟರೆ ರಕ್ತದಲ್ಲಿ ಎಲ್ಲವೂ ಸರಿಯಿರುತ್ತದೆ ಎಂಬುದು ಸಣ್ಣಿಗೆ ಗೊತ್ತಿತ್ತು. ಸರಿಯಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

ಸೈಕಲ್ ಅಂಗಡಿಯ ಮೇಲಿನ ಆ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಸಣ್ಣಿ ಮಲಗುತ್ತಿದ್ದದ್ದು ಅಡುಗೆಮನೆಯಲ್ಲಿ, ಮಡಚುವ ಮಂಚದ ಮೇಲೆ. ಮದುವೆ ಮುರಿದುಕೊಂಡು ತವರಿಗೆ ಬಂದ ದಿನದಿಂದ ಅದೇ ಜಾಗ. ಎಲ್ಲರ ಊಟ ಮುಗಿದು, ಪಾತ್ರೆ ತೊಳೆದು, ನೆಲ ಒರೆಸಿದ ಮೇಲೆ ಮಂಚ ಬಿಚ್ಚಬೇಕು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಮಡಚಬೇಕು. ಮೇಲ್ವಿಚಾರಕಿಯಾದರೆ ಒಂದು ಕೋಣೆ ಬಾಡಿಗೆಗೆ ಹಿಡಿಯುವುದೆಂದು ನಿರ್ಧರಿಸಿದ್ದಳು. ಕೋಣೆಯನ್ನು ನೋಡಿಯೂ ಬಂದಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು.

ಸಂಜೆ ಊಟದ ಹೊತ್ತಿಗೆ ಅವಳು ವಿಷಯ ಹೇಳಿದಳು. ತಟ್ಟೆಗಳಲ್ಲಿ ಬೇಳೆ, ಬೇಯಿಸಿದ ಆಲೂಗಡ್ಡೆ ಇತ್ತು. ಎದುರಿಗೆ ಅಣ್ಣ, ಲಿಫ್ಟ್ ಮೆಕ್ಯಾನಿಕ್. ಪಕ್ಕದಲ್ಲಿ ಅವನ ಹೆಂಡತಿ, ಅಂದರೆ ಈ ಮನೆಯ ಸೊಸೆ. ಹೋಟೆಲುಗಳ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಉಗಿ ಪ್ರೆಸ್ಸಿನ ಕೆಲಸ ಅವಳದು. ಅವಳ ಪಕ್ಕ ಹದಿನೈದರ ಮಗಳು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು. ಒಲೆಯ ಪಕ್ಕ ಅಜ್ಜಿ, ಮೆಕ್ಯಾನಿಕ್ ಮತ್ತು ಸಣ್ಣಿಯ ತಾಯಿ.

"ಅನರ್ಹ ಅಂತೆ ನಾನು," ಸಣ್ಣಿ ಹೇಳಿದಳು. "ನನಗೆ ಅಡಿಸನ್ ಕಾಯಿಲೆಯಂತೆ. ಯಾರಿಂದ ಬಂತು ಅಂತ ಈ ಮನೇಲಿ ಯಾರಿಗಾದ್ರೂ ಗೊತ್ತಾ?"

ಸೊಸೆ ಉಪ್ಪಿನ ಡಬ್ಬಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕಾಯಿಲೆ ಅವಳದಾಗಿತ್ತು.

ಎರಡು ವರ್ಷದ ಹಿಂದೆ ಅವಳು ಲಾಂಡ್ರಿಯಲ್ಲಿ ಕುಸಿದು ಬಿದ್ದಿದ್ದಳು. ಅದಕ್ಕೂ ಮೊದಲೇ ತೂಕ ಇಳಿದಿತ್ತು. ಬೆರಳ ಗೆಣ್ಣು, ಒಸಡು ಕಪ್ಪಾಗಿದ್ದವು. ಉಪ್ಪನ್ನು ಸಕ್ಕರೆಯಂತೆ ತಿನ್ನುತ್ತಿದ್ದಳು. ತಜ್ಞ ವೈದ್ಯರು ಕಾಯಿಲೆ ಪತ್ತೆ ಮಾಡಿ, ಮಾತ್ರೆ ತಪ್ಪಿಸಬಾರದು, ಜ್ವರ ಬಂದರೆ ಎರಡರಷ್ಟು ತೆಗೆದುಕೊಳ್ಳಬೇಕು, ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಕ್ಷಣ ಇಂಜೆಕ್ಷನ್ ಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದು ಹೇಳಿದ್ದರು. ಲಾಂಡ್ರಿಯವರು ದಿನಗೂಲಿಯವರಿಗೆ ವಿಮೆ ಮಾಡಿಸುತ್ತಿರಲಿಲ್ಲ. ಮೆಕ್ಯಾನಿಕ್‌ನ ಕಂಪನಿ ಅವನನ್ನು ಗುತ್ತಿಗೆದಾರನ ಲೆಕ್ಕಕ್ಕೆ ದಾಟಿಸಿದ ದಿನವೇ ಅವನ ವಿಮೆಯೂ ಹೋಗಿತ್ತು. ಸ್ವಂತಕ್ಕೆ ಮಾಡಿಸೋಣವೆಂದು ಹೋದರೆ ಈಗಾಗಲೇ ಇರುವ ಕಾಯಿಲೆಗೆ ಕೊಡುವುದಿಲ್ಲ ಎಂದರು. ವಿಮೆ ಇದ್ದದ್ದು ಸಣ್ಣಿಗೆ ಮಾತ್ರ. ಅದರಲ್ಲಿ ಗಂಡನಿಗೆ, ಮಕ್ಕಳಿಗೆ ಜಾಗವಿತ್ತು. ಅಣ್ಣನ ಹೆಂಡತಿಗೆ ಇರಲಿಲ್ಲ.

ದಾರಿ ಹುಡುಕಿದ್ದು ಅಜ್ಜಿ. ಕಾರ್ಡಿನಲ್ಲಿ ಫೋಟೋ ಇಲ್ಲ, ಇಬ್ಬರೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವರು. ಸೊಸೆ ಬೇರೊಂದು ಕ್ಲಿನಿಕ್ಕಿಗೆ ಸಣ್ಣಿಯಾಗಿ ಹೋದಳು. ಅಂದಿನಿಂದ ಮಾತ್ರೆ, ರಕ್ತಪರೀಕ್ಷೆ, ತಜ್ಞರ ಶುಲ್ಕ ಎಲ್ಲವೂ ಸಣ್ಣಿಯ ಹೆಸರಿನಲ್ಲಿ ನಡೆದುಕೊಂಡು ಬಂತು. ಆಗ ಸಣ್ಣಿಯೇ, "ತಗೊಂಡು ಹೋಗು ಅತ್ತಿಗೆ, ನನಗಂತೂ ನೆಗಡಿನೂ ಬರಲ್ಲ" ಎಂದು ಕಾರ್ಡು ಕೊಟ್ಟಿದ್ದಳು.

"ನೋಡೋಣ," ಈಗ ಮೆಕ್ಯಾನಿಕ್ ಹೇಳಿದ.

"ಏನ್ ನೋಡ್ತೀಯಾ?" ಸಣ್ಣಿ ಕೇಳಿದಳು. "ಎರಡು ವರ್ಷದಿಂದ ನೋಡ್ತಾನೇ ಇದ್ದೀಯ. ಲಿಫ್ಟು ಕೆಟ್ಟರೂ ಹೀಗೇ ಕೆಳಗೆ ನಿಂತು ನೋಡ್ತೀಯಾ?"

"ರಕ್ತ ಕೊಡು. ಆ ಕ್ಲಿನಿಕ್ಕಿನವರು ತಪ್ಪು ಹೇಳಿದ್ರು ಅನ್ನು."

"ಆಮೇಲೆ? ಕಾಯಿಲೆ ಇಲ್ಲ ಅಂತ ಗೊತ್ತಾದ ಮೇಲೆ ಕಂಪನಿ ಮಾತ್ರೆಗೆ ದುಡ್ಡು ಕಟ್ಟುತ್ತಾ?"

"ಹಾಗಾದ್ರೆ ಕೊಡಬೇಡ," ಒಲೆಯ ಕಡೆಯಿಂದ ಅಜ್ಜಿಯ ದನಿ ಬಂತು. "ಈಗಿರೋ ಕೆಲಸಕ್ಕೇನಾಗಿದೆ? ಸಂಬಳ ಬರ್ತಿದೆಯಲ್ಲ. ಅವಳ ಜೀವಕ್ಕಿಂತ ನಿನ್ನ ಕುರ್ಚಿ ಹೆಚ್ಚಾ?"

ಸಣ್ಣಿ ತಾಯಿಯನ್ನೇ ದಿಟ್ಟಿಸಿದಳು. "ನನ್ನ ಹೆತ್ತವಳು ನೀನೇ ತಾನೇ?"

"ಹೆತ್ತವಳು ಅಂತಾನೇ ಹೇಳ್ತಿದ್ದೀನಿ."

"ಅಜ್ಜಿ, ಅದು ಕುರ್ಚಿ ಅಲ್ಲ," ವಕೀಲಮ್ಮ ನಡುವೆ ಬಾಯಿ ಹಾಕಿದಳು. "ಅತ್ತೆ ಇಡೀ ದಿನ ಪೆಟ್ಟಿಗೆ ಎತ್ತುತ್ತಾರೆ. ಬೆನ್ನಿಗೆ ಪಟ್ಟಿ ಕಟ್ಕೊಂಡು ಹೋಗ್ತಾರೆ. ನೀವು ನೋಡಿಲ್ವಾ?"

"ನೀನು ತಿನ್ನು. ನಿನ್ನ ಕೋರ್ಟು ನಾಳೆ ತೆಗಿ."

ಸೊಸೆ ತಟ್ಟೆ ಸರಿಸಿ ಎದ್ದಳು. "ನನ್ನ ಜೀವ ತಕ್ಕಡೀಲಿ ಇಟ್ಟು ತೂಗೋಕೆ ನಾನು ಯಾರಿಗೂ ಹೇಳಿಲ್ಲ. ಸಣ್ಣಿ, ರಕ್ತ ಕೊಡು. ನಿನ್ನ ಕೆಲಸ ನೀನು ತಗೋ. ನನ್ನದು ನಾನು ನೋಡ್ಕೋತೀನಿ."

"ಹೇಗೆ ನೋಡ್ಕೋತೀಯಾ?"

"ಅದನ್ನೂ ನಿನಗೆ ಹೇಳಬೇಕಾ?"

"ಹೇಳಬೇಕು. ಕಾಯಿಲೆ ನನ್ನದು ಅಂತ ಬರೆದಿದೆಯಲ್ಲ."

ಸೊಸೆ ಹೋಗಿ ನಲ್ಲಿಯ ಕೆಳಗೆ ತಟ್ಟೆ ಕುಕ್ಕಿದಳು. ಸಣ್ಣಿ ಗೋಡೆಯ ಮೊಳೆಗೆ ನೇತುಹಾಕಿದ್ದ ಸೊಸೆಯ ಚೀಲದಿಂದ ವಿಮೆಯ ಕಾರ್ಡು ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಎಲ್ಲರೂ ನೋಡಲಿ ಎಂದೇ ನಿಧಾನವಾಗಿ ಹಾಕಿಕೊಂಡಳು.

ಮರುವಾರ ಸೊಸೆ ಲಾಂಡ್ರಿಯ ಮ್ಯಾನೇಜರನ ಮುಂದೆ ನಿಂತಳು. ಉಗಿ ಪ್ರೆಸ್ಸಿನ ಮುಂದೆ ನಿಂತರೆ ಬೆವರಿನ ಜೊತೆ ಮೈಯ ಉಪ್ಪೂ ಹರಿದು ಹೋಗುತ್ತದೆ. ಆ ಕಾಯಿಲೆಯಲ್ಲಿ ಹಾಗೆ ಹೋದದ್ದು ಸುಲಭಕ್ಕೆ ತುಂಬುವುದಿಲ್ಲ. ತಣ್ಣಗಿನ ಕಡೆ, ಬಟ್ಟೆ ಮಡಚುವ ಮೇಜಿಗೆ ಹಾಕಿ ಎಂದು ಕೇಳಿದಳು.

"ಯಾಕೆ?"

"ಮೈ ಹುಷಾರಿಲ್ಲ. ಗ್ರಂಥಿಯ ಕಾಯಿಲೆ."

"ಡಾಕ್ಟರ ಚೀಟಿ ಇದ್ಯಾ?"

ಚೀಟಿ ಎಷ್ಟೋ ಇದ್ದವು. ಮೊದಲು ಕಾಯಿಲೆ ಪತ್ತೆಯಾದಾಗಿನ ಚೀಟಿಯನ್ನು ಅಜ್ಜಿ ಆಗಲೇ ಒಲೆಗೆ ಹಾಕಿದ್ದಳು; ಉಳಿದ ಒಂದರಲ್ಲೂ ಅವಳ ಹೆಸರಿರಲಿಲ್ಲ. "ಇಲ್ಲ," ಎಂದಳು.

"ಹಾಗಾದ್ರೆ ನಿಮಗೆ ಏನೂ ಆಗಿಲ್ಲ," ಮ್ಯಾನೇಜರ್ ನಕ್ಕ. "ಹೋಗಿ, ಪ್ರೆಸ್ಸು ತಣ್ಣಗಾಗ್ತಿದೆ."

ಆ ದಿನ ಅವಳು ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ದರ್ಜಿಯೊಬ್ಬ ಕೊಡುತ್ತಿದ್ದ ಕೆಲಸ ಅದು. ಸೊಸೆ ಗೋಡೆ ಹಿಡಿದು ಮೆಟ್ಟಿಲು ಹತ್ತಿದ್ದನ್ನು ಅವಳು ಗಮನಿಸಿದಳು.

"ಮಾತ್ರೆ ತಗೊಂಡ್ಯಾ?"

"ತಗೊಂಡೆ."

"ಮುಖ ನೋಡಿದ್ರೆ ಹಾಗನ್ಸಲ್ಲ."

"ನನ್ನ ಮುಖ ಎರಡು ವರ್ಷದಿಂದ ಹೀಗೇ ಇದೆ ಅತ್ತೆ."

ಅವಳು ತೆಗೆದುಕೊಂಡದ್ದು ಅರ್ಧ. ಕಾರ್ಡು ಸಣ್ಣಿಯ ಚೀಲ ಸೇರಿದ ಮರುದಿನದಿಂದಲೇ ಪ್ರತಿ ಮಾತ್ರೆಯನ್ನೂ ತರಕಾರಿ ಚಾಕುವಿನಿಂದ ಎರಡು ಮಾಡುತ್ತಿದ್ದಳು. ಉಳಿದರ್ಧವನ್ನು ಅಕ್ಕಿ ಡಬ್ಬಿಯ ಹಿಂದೆ ಖಾಲಿ ಕಾಫಿ ಪುಡಿ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ರಕ್ತಪರೀಕ್ಷೆಯಾಗಿ ಕಾರ್ಡು ನಿಂತ ಮೇಲೆ ಅದರಲ್ಲಿ ಸ್ವಲ್ಪ ಕಾಲ ತಳ್ಳಬಹುದು ಎಂಬುದು ಅವಳ ಲೆಕ್ಕಾಚಾರ. ಈ ಮಾತ್ರೆಯಲ್ಲಿ ಹಾಗೆ ಕೂಡಿಡಲು ಬರುವುದಿಲ್ಲ. ಇಂದಿನ ಪಾಲನ್ನು ಮೈ ಇಂದೇ ಕೇಳುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ತಜ್ಞರು ಬೆರಳೆತ್ತಿ ಹೇಳಿದ್ದರು. ಆದರೆ ಒಬ್ಬರ ಮುಂದೆ ಕೈ ಚಾಚುವುದಕ್ಕಿಂತ ಚಾಕು ಹಿಡಿಯುವುದು ಅವಳಿಗೆ ಸುಲಭವಾಗಿತ್ತು.

ಕಾಫಿ ಪುಡಿ ಡಬ್ಬಿ ಸಿಕ್ಕಿದ್ದು ಸಣ್ಣಿಗೆ. ಅವಳು ಮಲಗುವ ಜಾಗವಲ್ಲವೇ, ಅಲ್ಲಿ ಏನು ಕದಲಿದರೂ ಅವಳಿಗೆ ತಿಳಿಯುತ್ತಿತ್ತು. ಡಬ್ಬಿ ಹಿಡಿದು ನೇರ ಬಚ್ಚಲಿಗೆ ಹೋದಳು. ಸೊಸೆ ಬಟ್ಟೆ ಒಗೆಯುತ್ತಿದ್ದಳು.

"ಇದೇನು?"

"ಕಾಣಲ್ವಾ? ಮಾತ್ರೆ."

"ಅರ್ಧ ಅರ್ಧ ಯಾಕಿದೆ? ನನ್ನ ಹೊಟ್ಟೆ ಉರಿಸೋಕೆ ಸಾಯೋ ಪ್ಲ್ಯಾನಾ?"

"ನಿನ್ನ ಹೊಟ್ಟೆ ಉರಿಸೋಕೆ ನಾನು ಸಾಯಬೇಕಾ? ಬದುಕಿದ್ರೆ ಸಾಲಲ್ವಾ?"

"ನಾನಿನ್ನೂ ರಕ್ತ ಕೊಟ್ಟಿಲ್ಲ ಅತ್ತಿಗೆ."

"ಕೊಡ್ತೀಯ."

"ಕೊಡ್ತೀನಿ! ಯಾಕೆ ಕೊಡಬಾರದು? ನಾನು ಕೆಲಸ ಕಲಿಸಿಕೊಟ್ಟ ಆ ಕನ್ನಡಕದವನು ನಾಳೆ ನನ್ನ ಮೇಲೆ ಮೇಲ್ವಿಚಾರಕನಾಗಿ ಕೂತು ಬೇಗ ಎತ್ತಮ್ಮ ಅಂತಾನೆ, ಅದನ್ನ ಕೇಳ್ಕೊಂಡು ಇರ್ಲಾ? ನಿನ್ನ ಗಂಡ ಏನಾದ್ರೂ ಮಾಡಿದ್ನಾ? ಒಂದು ದಿನ ಆ ಗುತ್ತಿಗೆದಾರನ ಹತ್ರ ಹೋಗಿ ವಿಮೆ ಮಾಡಿಸು ಅಂತ ಕೇಳಿದ್ನಾ? ಎಲ್ಲರಿಗೂ ನಾನೇ ಸಿಕ್ಕಿದ್ದು!"

"ನಾನೂ ಅದೇ ಹೇಳಿದ್ದು. ಕೊಡು ಅಂತ."

"ನೀನು ಕೊಡು ಅಂದ್ರೆ ನನಗೆ ಇನ್ನೂ ಸಿಟ್ಟು ಬರುತ್ತೆ. ಬೇಡ ಅನ್ನು, ಕಾಲು ಹಿಡಿ, ಅಳು. ಆಗ ನಾನು ನಿನ್ನ ಬೈಕೊಂಡಾದ್ರೂ ಕೊಡಬಹುದು."

ಸೊಸೆ ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ಅಳೋಕೂ ಮೈಯಲ್ಲಿ ಉಪ್ಪು ಇರಬೇಕಮ್ಮ," ಎಂದಳು.

ಸಣ್ಣಿಗೆ ನಗು ಬಂತು. ನಗು ಬಂದದ್ದಕ್ಕೇ ಮತ್ತಷ್ಟು ಸಿಟ್ಟು ಬಂದು, ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿ ಹೊರಟುಹೋದಳು. ಅಜ್ಜಿಗೆ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಆಮೇಲೆ ಅವಳೇ ಹೇಳಿಕೊಂಡಳು.

ರಕ್ತಪರೀಕ್ಷೆಯ ಹಿಂದಿನ ವಾರ ಮನೆಯಲ್ಲಿ ವಾಂತಿ ಭೇದಿ ಶುರುವಾಯಿತು. ಮೊದಲು ವಕೀಲಮ್ಮನಿಗೆ, ನಂತರ ಅಜ್ಜಿಗೆ. ಒಂದೊಂದು ದಿನ ಮಲಗಿ ಇಬ್ಬರೂ ಎದ್ದರು. ಸೊಸೆ ಇಬ್ಬರ ಬಟ್ಟೆಯನ್ನೂ ಒಗೆದಳು, ಗಂಜಿ ಮಾಡಿ ಕೊಟ್ಟಳು. ಆಮೇಲೆ ಅವಳ ಸರದಿ ಬಂತು.

ಬೆಳಿಗ್ಗೆ ಹೊಟ್ಟೆ ತೊಳಸುತ್ತಿದ್ದರೂ ಅವಳು ಕೆಲಸಕ್ಕೆ ಹೋದಳು; ಹೋಗದಿದ್ದರೆ ಅಂದಿನ ಕೂಲಿ ಇಲ್ಲ. ಬೆಳಗಿನ ಅರ್ಧ ಮಾತ್ರೆ ದಾರಿಯಲ್ಲೇ ವಾಂತಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಪ್ರೆಸ್ಸಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು, ಆಮೇಲೆ ಮಲಗಿದಳು. ಜೊತೆಯ ಹೆಂಗಸರು ನೀರು ಚಿಮುಕಿಸಿದರು. ಕರೆದರೆ ಕಣ್ಣು ಬಿಡುತ್ತಿದ್ದಳು, ಮಾತು ತೊದಲುತ್ತಿತ್ತು. ಇಬ್ಬರು ಹೆಂಗಸರು ಆಟೋದಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿ ಅವರು ತಮಗೆ ಗೊತ್ತಿದ್ದ ಹೆಸರನ್ನು ಬರೆಸಿದರು. ಅದು ಅವಳ ನಿಜವಾದ ಹೆಸರು. ಆ ಆಸ್ಪತ್ರೆಯ ದಾಖಲೆಯಲ್ಲಿ ಆ ಹೆಸರಿಗೆ ಹಿಂದಿನ ಕಾಯಿಲೆಯ ಸುಳಿವೇ ಇರಲಿಲ್ಲ.

ತುರ್ತು ವಿಭಾಗದ ಡಾಕ್ಟರ್ ಹೊಟ್ಟೆ ಕೆಟ್ಟಿದೆ ಎಂದು ಡ್ರಿಪ್ ಹಾಕಿಸಿ, ಪಕ್ಕದ ಹಾಸಿಗೆಯ ಅಪಘಾತದ ರೋಗಿಯತ್ತ ಹೋದರು. ರಕ್ತದೊತ್ತಡ ಏರಲಿಲ್ಲ.

ಲಾಂಡ್ರಿಯವರು ಫೋನು ಮಾಡಿದಾಗ ಮೆಕ್ಯಾನಿಕ್ ಒಂದು ಕಚೇರಿಯ ಲಿಫ್ಟಿನ ಮೇಲೆ ಕೂತು ತಂತಿಗೆ ಗ್ರೀಸ್ ಹಚ್ಚುತ್ತಿದ್ದ. ಅದೇ ಕೈಯಲ್ಲಿ ಆಸ್ಪತ್ರೆಗೆ ಓಡಿ ಬಂದ. ಹೆಂಡತಿಯ ತುಟಿ ಬಿಳಿಚಿಕೊಂಡಿತ್ತು.

"ಇವರಿಗೆ ಮೊದಲೇ ಏನಾದ್ರೂ ಕಾಯಿಲೆ ಇತ್ತಾ?" ನರ್ಸು ಕೇಳಿದಳು.

"ಇದೆ."

"ಏನು?"

ಅವನು ಬಾಯಿ ತೆರೆದ. ಏನೂ ಹೊರಡಲಿಲ್ಲ. ಜೇಬಿನಿಂದ ಫೋನು ತೆಗೆದ. ಅದರಲ್ಲಿ ಸಣ್ಣಿಯ ಕಾರ್ಡಿನ ಫೋಟೋ ಇತ್ತು. "ಹೆಸರು ತಪ್ಪಾಗಿ ಬರೆಸಿದ್ದಾರೆ ಮೇಡಂ. ಇವಳ ನಂಬರು ಇದು. ಇದರಲ್ಲಿ ನೋಡಿ."

ನರ್ಸು ನಂಬರು ಒತ್ತಿದಳು. ಮರುಕ್ಷಣ ಡಾಕ್ಟರನ್ನು ಕೂಗಿದಳು. ಡಾಕ್ಟರ್ ಪರದೆಯತ್ತ ಒಮ್ಮೆ ನೋಡಿ, "ಅಡಿಸನ್! ಮೊದಲೇ ಹೇಳೋಕೇನಾಗಿತ್ತು?" ಎಂದು ಗದರಿ, ರಕ್ತನಾಳಕ್ಕೆ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಡಿಸಿದರು. ಸಂಜೆಗೆ ಸೊಸೆ ಎದ್ದು ಕೂತು, ಉಪ್ಪು ಹಾಕಿದ ಗಂಜಿ ಬೇಕು ಎಂದಳು.

ಅವಳು ಎದ್ದು ಕೂತದ್ದು ಸಣ್ಣಿಯ ಹೆಸರಿನಲ್ಲಿ. ದಾಖಲಾದ ಹೊತ್ತು, ಇಂಜೆಕ್ಷನ್, ಹಾಸಿಗೆ, ಎಲ್ಲವೂ ಸಣ್ಣಿಯ ವಿಮೆಗೆ ಹೋದವು. ಅದೇ ಹೊತ್ತಿನಲ್ಲಿ ಸಣ್ಣಿ ಪಾರ್ಸೆಲ್ ಕಂಪನಿಯ ಬಾಗಿಲಲ್ಲಿ ಬೆರಳೊತ್ತಿ ಒಳಗೆ ಹೋಗಿದ್ದಳು, ಸಾಲಿನಲ್ಲಿ ನಿಂತು ಪೆಟ್ಟಿಗೆ ಎತ್ತುತ್ತಿದ್ದಳು.

ವಿಮೆಯವರಿಂದ ಕಂಪನಿಗೆ ವಿಷಯ ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಕಂಪನಿಯ ಡಾಕ್ಟರ್ ಬಂದ ದಿನ ಸಣ್ಣಿ ರಕ್ತ ಕೊಡಲು ಅಂಗಿಯ ತೋಳು ಮೇಲೇರಿಸಿ ಕೂತಿದ್ದಳು. ಯಾರೂ ಸೂಜಿ ಹಿಡಿದು ಬರಲಿಲ್ಲ. ಬಂದದ್ದು ಸಿಬ್ಬಂದಿ ವಿಭಾಗದವನು.

"ನೀವು ಆಸ್ಪತ್ರೇಲಿ ಸಾಯೋ ಸ್ಥಿತೀಲಿ ಮಲಗಿದ್ದ ಹೊತ್ತಿಗೆ ಇಲ್ಲಿ ಕೆಲಸ ಮಾಡ್ತಾ ಇದ್ರಿ. ಹೇಗೆ ಅಂತ ಸ್ವಲ್ಪ ಹೇಳ್ತೀರಾ?" ಎಂದು ಕೇಳಿದ.

ಸಣ್ಣಿ ಹೇಳಿದಳು. ಅಣ್ಣನ ಹೆಂಡತಿಗೆ ಕಾಯಿಲೆ ಎಂದಳು, ಬೇರೆ ದಾರಿ ಇರಲಿಲ್ಲ ಎಂದಳು. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. ಪೊಲೀಸರಿಗೆ ದೂರು ಕೊಡುವುದಿಲ್ಲ, ಕಂಪನಿಗೂ ಹೃದಯವಿದೆ ಎಂದ. ವಿಮೆಯಲ್ಲಿ ಹೋದದ್ದನ್ನು ಅವಳಿಗೆ ಬರಬೇಕಾದ ಬಾಕಿಯಲ್ಲಿ ಮುರಿದುಕೊಂಡು, ಅಂದೇ ಗುರುತಿನ ಚೀಟಿ ಕಳಚಿಸಿ ಕಳಿಸಿದ.

ಹೊರಗೆ ಬರುವಾಗ ಕನ್ನಡಕದವನು ಎದುರಾಗಿ, "ಏನಕ್ಕಾ, ಇಷ್ಟು ಬೇಗ ಮನೆಗೆ?" ಎಂದ. "ನಿನಗೆ ಜಾಗ ಬಿಡೋಕೆ," ಎಂದು ಸಣ್ಣಿ ನಿಲ್ಲದೆ ನಡೆದಳು.

ಮನೆಯಲ್ಲಿ ಅವಳು ಕೂಗಾಡಲಿಲ್ಲ. ಮೆಕ್ಯಾನಿಕ್ ಬರುವವರೆಗೆ ಮಂಚದ ಮೇಲೆ ಕೂತಿದ್ದಳು. ಹಗಲಿನಲ್ಲಿ ಮಂಚ ಬಿಚ್ಚಿದ್ದನ್ನು ಕಂಡು ಅಜ್ಜಿ ಗುಂಡಿ ಹೊಲಿಯುವ ಅಂಗಿಗಳನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿದ್ದಳು. ಸೊಸೆ ಇನ್ನೂ ಸುಧಾರಿಸಿಕೊಳ್ಳುತ್ತಿದ್ದಳು, ಗೋಡೆಗೆ ಒರಗಿ ಬ್ರೆಡ್ಡು ಹಾಲಿಗೆ ಅದ್ದಿ ತಿನ್ನುತ್ತಿದ್ದಳು.

ಅಣ್ಣ ಚಪ್ಪಲಿ ಬಿಡುತ್ತಿದ್ದಂತೆ ಸಣ್ಣಿ ಹೇಳಿದಳು, "ಕೆಲಸ ಹೋಯ್ತು."

ಅವನು ಬಾಗಿಲಲ್ಲೇ ನಿಂತ. "ನಂಬರು ಕೊಡದಿದ್ರೆ ಇವಳು ಸತ್ತೇ ಹೋಗ್ತಿದ್ಲು ಸಣ್ಣಿ."

"ನಂಬರು ಯಾಕೆ ಬೇಕಿತ್ತು? ಅಡಿಸನ್ ಕಾಯಿಲೆ, ಸ್ಟೀರಾಯ್ಡ್ ಇಂಜೆಕ್ಷನ್ ಬೇಕು ಅಂತ ಬಾಯಲ್ಲಿ ಹೇಳಿದ್ರೆ ಆಗ್ತಿತ್ತು. ಅಷ್ಟೇ ಮಾತು. ಅದಕ್ಕೆ ನನ್ನ ಹೆಸರು ಬೇಕಿತ್ತಾ?"

"ಗಾಬರಿಯಾಗಿತ್ತು."

"ಗಾಬರಿಯಾದ್ರೆ ಕಾಯಿಲೆ ಹೆಸರು ಮರೆತುಹೋಗುತ್ತಾ?"

ಅವನು ಗ್ರೀಸ್ ಹಿಡಿದ ಉಗುರುಗಳನ್ನು ನೋಡಿಕೊಂಡ. "ಮರೆತಿದ್ದಲ್ಲ," ಎಂದ. "ನನಗೆ ಗೊತ್ತಿರಲಿಲ್ಲ."

"ಏನ್ ಗೊತ್ತಿರಲಿಲ್ಲ?"

"ಅದರ ಹೆಸರು. ಗ್ರಂಥಿದು ಅಂತ ಗೊತ್ತಿತ್ತು. ಏನೋ ಇಂಗ್ಲಿಷ್ ಹೆಸರು. ಕಾರ್ಡಲ್ಲಿ ಇರುತ್ತಲ್ಲ ಅಂತ..."

"ಆವತ್ತು ಊಟಕ್ಕೆ ಕೂತಾಗ ಅತ್ತೆ ಹೇಳಿದ್ರಲ್ಲ ಅಪ್ಪ!" ವಕೀಲಮ್ಮ ಪುಸ್ತಕ ಕೆಳಗೆ ಹಾಕಿದಳು. "ನಿಮ್ಮೆದುರಿಗೇ ಹೇಳಿದ್ರು! ಹೆಸರು ಹಿಡಿದು ಹೇಳಿದ್ರು!"

ಸೊಸೆ ಲೋಟ ಕೆಳಗಿಟ್ಟಳು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಅವಳು ಗಂಡನ ಮೇಲೆ ದನಿ ಎತ್ತಿದ್ದು ಕಡಿಮೆ. ಈಗಲೂ ಎತ್ತಲಿಲ್ಲ. "ಯಾವ ಯಾವ ಕಟ್ಟಡದ ಲಿಫ್ಟಿಗೆ ಯಾವ ನಂಬರಿನ ಬೇರಿಂಗು ಅಂತ ನಿದ್ದೇಲಿ ಕೇಳಿದ್ರೂ ಹೇಳ್ತೀರಿ," ಎಂದಳು. "ನಾನು ಯಾವುದರಿಂದ ಸಾಯ್ತಿದ್ದೆ ಅಂತ ಕೇಳಿದ್ರೆ ಕಾರ್ಡು ತೋರಿಸ್ತೀರಿ."

"ನನ್ನ ಮೇಲೆ ಎಲ್ಲರೂ..." ಅವನು ಶುರು ಮಾಡಿದ.

"ಬಾಯಿ ಮುಚ್ಚು," ಅಜ್ಜಿ ಹೇಳಿದಳು. ಗಂಡುಮಗನಿಗೆ ಅವಳು ಹಾಗೆ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಹೇಳು. ಏನು ಕಾಯಿಲೆ?"

"ಅಮ್ಮಾ..."

"ಹೇಳು ಅಂದೆ."

"ಅಡಿಸನ್."

"ಜ್ವರ ಬಂದ್ರೆ?"

ಅವನಿಗೆ ತಿಳಿದಿರಲಿಲ್ಲ. ವಕೀಲಮ್ಮ ಹೇಳಿಕೊಟ್ಟಳು. ಎರಡರಷ್ಟು. ವಾಂತಿಯಾದರೆ? ಇಂಜೆಕ್ಷನ್. ತಪ್ಪಿಸಬಹುದಾ? ಇಲ್ಲ. ಅವನು ಒಂದೊಂದನ್ನೇ ಅವಳ ಹಿಂದೆಯೇ ಹೇಳಿದ. ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಸಣ್ಣಿಗೆ ಅದನ್ನು ಕಂಡು ಒಂದಿಷ್ಟೂ ಸಮಾಧಾನವಾಗಲಿಲ್ಲ.

"ಕಲಿತಾಯ್ತಾ? ಈಗ ನನ್ನ ಕೆಲಸ ವಾಪಸು ಕೊಡು," ಎಂದಳು.

"ನೀನೂ ಸುಮ್ನಿರು," ಅಜ್ಜಿ ಅವಳತ್ತ ತಿರುಗಿದಳು. "ದಾರಿ ತೋರಿಸಿದವಳು ನಾನು. ಬೈಯೋದಿದ್ರೆ ನನಗೆ ಬೈ."

"ಬೈತೀನಿ. ನಿನ್ನ ಸರದಿ ಇನ್ನೂ ಬಂದಿಲ್ಲ."

ಮುಂದಿನ ವಾರಗಳಲ್ಲಿ ಕೆಲವು ಸಂಗತಿಗಳು ನಡೆದವು. ಸೊಸೆ ತನ್ನ ಹೆಸರಿನಲ್ಲೇ ತಜ್ಞರ ಬಳಿ ಹೋಗಿ, ಎಲ್ಲ ಪರೀಕ್ಷೆಗಳನ್ನೂ ಮೊದಲಿನಿಂದ ಮಾಡಿಸಿಕೊಂಡಳು. ಆ ಖರ್ಚಿಗೆ ಮೆಕ್ಯಾನಿಕ್ ತನ್ನ ಬೈಕು ಮಾರಿ ಬಸ್ಸಿನಲ್ಲಿ ಓಡಾಡಲು ಶುರು ಮಾಡಿದ. ಗುತ್ತಿಗೆದಾರನ ಬಳಿ ವಿಮೆಯ ಮಾತೆತ್ತಿದ. ಗುತ್ತಿಗೆದಾರ, ಕೇಳುವವರಿಗೆ ಬೇರೆ ಕಡೆಯೂ ಕೆಲಸ ಸಿಗುತ್ತದೆ ಎಂದ. ಸಣ್ಣಿ ನೋಡಿಟ್ಟಿದ್ದ ಕೋಣೆಗೆ ಬೇರೆ ಯಾರೋ ಬಂದರು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂಬ ಪ್ರಶ್ನೆಗೆ ಉತ್ತರ ಕೊಡಲಾಗದೆ ಅವಳು ನಾಲ್ಕಾರು ಕಡೆಯಿಂದ ಬರಿಗೈಯಲ್ಲಿ ಮರಳಿದಳು.

ಡಾಕ್ಟರ ಚೀಟಿ ಹಿಡಿದು ಸೊಸೆ ಮತ್ತೆ ಲಾಂಡ್ರಿಗೆ ಹೋದ ದಿನ ಸಣ್ಣಿಯೂ ಜೊತೆಗೆ ಹೋದಳು. ಕರೆದವರಿರಲಿಲ್ಲ. ಮ್ಯಾನೇಜರ್ ಚೀಟಿ ಓದಿದ.

"ಈಗ ಚೀಟಿ ಇದೆ, ಸರಿ. ಆದ್ರೆ ಕಾಯಿಲೆಯವರನ್ನ ಇಟ್ಕೊಂಡು ನಾನೇನು ಮಾಡ್ಲಿ? ಪ್ರೆಸ್ಸಿಗೆ ಜನ ಇಲ್ಲ."

"ಪ್ರೆಸ್ಸಿಗೆ ನಾನು ನಿಲ್ತೀನಿ," ಸಣ್ಣಿ ಹೇಳಿದಳು. "ಇವಳನ್ನ ಮಡಚೋ ಮೇಜಿಗೆ ಹಾಕಿ."

"ನಿನ್ನನ್ನ ಯಾರು ಕೇಳಿದ್ರು?" ಸೊಸೆ ಸಿಡುಕಿದಳು.

"ಯಾರೂ ಕೇಳಿಲ್ಲ. ಈ ಮನೇಲಿ ಕೇಳಿ ಮಾಡಿದ್ದು ಏನಿದೆ?"

"ನಿನ್ನ ಉಪಕಾರ ನನಗೆ ಬೇಡ."

"ಉಪಕಾರ ಅಲ್ಲ. ಹೊಟ್ಟೆಪಾಡು. ಸ್ವಾಮಿ, ಇಲ್ಲಿ ವಿಮೆ ಇದ್ಯಾ?"

ಮ್ಯಾನೇಜರ್ ನಗಲು ಹೋದ. ಸಣ್ಣಿ ನಗಲಿಲ್ಲ.

"ಕೇಳಿದ್ದಕ್ಕೆ ಉತ್ತರ ಹೇಳಿ. ಇದ್ಯಾ?"

"ಇಲ್ಲ."

"ಮಾಡಿಸ್ತೀರಾ?"

"ನೋಡೋಣ."

"ಈ ಮಾತು ನಮ್ಮ ಮನೇಲೂ ಒಬ್ಬರು ಹೇಳ್ತಾರೆ," ಸಣ್ಣಿ ಹೇಳಿದಳು. "ತಿಂಗಳಿಗೊಂದು ಸಲ ಬಂದು ಕೇಳ್ತೀನಿ." ಹಿಂದೆ ಪ್ರೆಸ್ಸುಗಳ ಮುಂದಿದ್ದ ಹೆಂಗಸರಲ್ಲಿ ಯಾರೋ, "ನಾವೂ ಕೇಳ್ತೀವಿ" ಎಂದರು. ಯಾರೆಂದು ನೋಡಲು ಮ್ಯಾನೇಜರ್ ಕತ್ತೆತ್ತಿದ. ಎಲ್ಲರೂ ಬಟ್ಟೆಯ ಮೇಲೆ ಕಣ್ಣಿಟ್ಟಿದ್ದರು.

ಇಬ್ಬರಿಗೂ ಕೆಲಸ ಸಿಕ್ಕಿತು. ಕೂಲಿ ಹಿಂದಿನಷ್ಟೇ.

ದೊಡ್ಡ ಹಾಸುಗಳನ್ನು ಒಬ್ಬರೇ ಮಡಚಲು ಆಗುವುದಿಲ್ಲ. ಎರಡು ತುದಿಗೆ ಇಬ್ಬರು ನಿಂತು ಬಿಗಿಯಾಗಿ ಎಳೆಯಬೇಕು, ಆಮೇಲೆ ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಮಧ್ಯಾಹ್ನ ಪ್ರೆಸ್ಸು ನಿಂತಾಗ ಮ್ಯಾನೇಜರ್ ಸಣ್ಣಿಯನ್ನು ಆ ಮೇಜಿಗೆ ಕಳಿಸಿದ. ಅವಳ ಮುಖ ಉಗಿಗೆ ಕೆಂಪಾಗಿತ್ತು, ಕುಪ್ಪಸ ಬೆನ್ನಿಗೆ ಅಂಟಿತ್ತು. ಇಬ್ಬರೂ ಎಳೆದರು, ನಡೆದು ಬಂದರು, ಕೂಡಿಸಿದರು, ಹಿಂದೆ ಸರಿದರು.

ನಾಲ್ಕನೆಯದಕ್ಕೋ ಐದನೆಯದಕ್ಕೋ ಎದುರಾಬದುರು ಬಂದಾಗ ಸಣ್ಣಿ ಅಂಚು ಕೊಡದೆ ಹಿಡಿದುಕೊಂಡಳು.

"ಮಧ್ಯಾಹ್ನದ್ದು ತಗೊಂಡ್ಯಾ?"

"ತಗೋತೀನಿ. ಬಿಡು ಇದನ್ನ."

"ತಗೋತೀನಿ ಅಂದ್ರೆ? ಊಟ ಮುಗಿದು ಎಷ್ಟು ಹೊತ್ತಾಯ್ತು?"

"ನಿಮ್ಮಮ್ಮನೂ ಹೀಗೆ ಪೀಡಿಸಲ್ಲ."

"ನಮ್ಮಮ್ಮ ಮುಖ ನೋಡಿ ಬಿಟ್ಟುಬಿಟ್ಲು. ನಾನು ಡಬ್ಬಿ ನೋಡಿ ಬಿಟ್ಟುಬಿಟ್ಟೆ. ತೆಗಿ."

ಸೊಸೆ ಸೊಂಟದ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದಳು. ಒಂದನ್ನು ಒತ್ತಿ ಅಂಗೈಗೆ ಹಾಕಿಕೊಂಡಳು.

"ಇಡೀದಾ?"

"ಕಣ್ಣಿಲ್ವಾ ನಿನಗೆ?"

"ನನ್ನೆದುರಿಗೇ ನುಂಗು."

ಸೊಸೆ ಅವಳನ್ನು ಸುಡುವಂತೆ ನೋಡಿದಳು. ಮಾತ್ರೆ ಬಾಯಿಗೆ ಹಾಕಿ, ಬಾಟಲಿಯೆತ್ತಿ ನೀರು ಕುಡಿದು, ಬಾಟಲಿಯನ್ನು ಠಕ್ಕೆಂದು ಮೇಜಿನ ಮೇಲಿಟ್ಟಳು.

"ಸಾಕಾ?"

"ಸಾಕಾಗಿಲ್ಲ. ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ."

"ನನಗೂ ಇದೆ," ಸೊಸೆ ಹೇಳಿದಳು. "ಎಳಿ."

ಸಣ್ಣಿ ತನ್ನ ತುದಿ ಹಿಡಿದು ಹಿಂದೆ ಸರಿದು, ಇದ್ದ ಬಲವನ್ನೆಲ್ಲ ಹಾಕಿ ಎಳೆದಳು.